ಹನುಮಕ್ಕನ ತಲೆಕೆಳಗಿನ ಓದು

ಹನುಮಕ್ಕ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದಳು. ಸಂಗತಿ ಇಷ್ಟೇ. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳ ಜನ ಯಾವುದಾದರೂ ಸಂಗತಿಯನ್ನು ಇಷ್ಟಕ್ಕೇ ಬಿಟ್ಟ ದಾಖಲೆ ಮಹಾರಾಜರ ಸರ್ಕಾರದ ಯಾವ ಕಚೇರಿಯಲ್ಲೂ ಸಿಕ್ಕುವುದಿಲ್ಲ.

ಕೊರಟಗೆರೆಯವರು ಹೇಳುತ್ತಿದ್ದ ಪ್ರಕಾರ, ಆಕೆ ಹುಡುಗಿಯಾಗಿದ್ದಾಗ ನೀರಿಗೆಂದು ಬಾವಿಗೆ ಬಗ್ಗಿದಳು. ಮೇಲೆ ಆಕಾಶದಲ್ಲಿ ದೇವದೂತನೊಬ್ಬ ಪುಸ್ತಕ ಬಿಚ್ಚಿಕೊಂಡು ನಿಂತಿದ್ದ. ಅದರ ನೆರಳು ನೀರಿನಲ್ಲಿ ಬಿತ್ತು. ಆಕೆ ಆ ನೆರಳನ್ನೇ ಓದಿ ಕಲಿತಳು. ಶಿರಾದವರಿಗೆ ದೇವದೂತರಲ್ಲಿ ಅಷ್ಟೊಂದು ಆಸಕ್ತಿ ಇರಲಿಲ್ಲ. ಅವರ ಪ್ರಕಾರ, ಹುಲಿಕುಂಟೆಯಲ್ಲಿ ಆಕೆ ಮೇಕೆ ಮೇಯಿಸುತ್ತಿದ್ದಾಗ ಪಕ್ಕದ ಬೇವಿನ ಮರಕ್ಕೆ ಸಿಡಿಲು ಬಡಿಯಿತು. ಮರ ಸುಟ್ಟಿತು, ಎರಡು ಮೇಕೆ ಸತ್ತವು, ಹನುಮಕ್ಕನ ಕಣ್ಣುಗುಡ್ಡೆಗಳು ಮಾತ್ರ ಅರ್ಧ ಸುತ್ತು ತಿರುಗಿ ಅಲ್ಲೇ ನಿಂತುಬಿಟ್ಟವು. ಪಾವಗಡದವರು ಇದನ್ನೇ ತೆಲುಗು ಬೆರೆಸಿ ಹೇಳುತ್ತಿದ್ದರು. ಬೆರೆಸುವ ಭರದಲ್ಲಿ ಎರಡು ಮೇಕೆ ಹೋಗಿ ಇಪ್ಪತ್ತಾಗಿದ್ದವು.

ಮಧುಗಿರಿಯವರದು ಇನ್ನೂ ಸರಳ. ಆಕೆ ಕಾಲು ಮುಂದಾಗಿ ಹುಟ್ಟಿದವಳು, ಆದ್ದರಿಂದ ಲೋಕವೇ ಆಕೆಗೆ ತಲೆಕೆಳಗು. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಸೊಂಟನೋವು ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವೈದ್ಯವಾದ್ದರಿಂದ, ಕೋರ್ಟಿನಲ್ಲಿ ದಿನವಿಡೀ ಬಗ್ಗಿ ಬರೆದು ಸೊಂಟ ಹಿಡಿಸಿಕೊಂಡ ಗುಮಾಸ್ತ ಶಂಕರಲಿಂಗಪ್ಪ ಒಂದು ಬೆಳಗ್ಗೆ ಆಕೆಯ ಮನೆ ಬಾಗಿಲಿಗೆ ಬಂದು, ಪಂಚೆ ಬಿಗಿದು, ಬೆನ್ನು ತಿರುಗಿಸಿ ನಿಂತ. ಹನುಮಕ್ಕ, "ನಾನು ತಲೆ ಮುಂದಾಗೇ ಹುಟ್ಟಿದ್ದು ಸ್ವಾಮಿ," ಎಂದಳು. ಆತ ನಂಬಲಿಲ್ಲ. ಬೇಡಿಕೊಂಡ. ಕೊನೆಗೆ ಆಕೆ ಒದ್ದಳು. ನೋವು ಹೋಯಿತೆಂದು ಆತ ಊರೆಲ್ಲ ಹೇಳಿಕೊಂಡು ಬಂದ. ಹೋಗಿರಲೂಬಹುದು, ಒದೆತ ಚೆನ್ನಾಗಿ ಬಿದ್ದಿತ್ತು.

ಈ ಪುರಾಣಗಳ ಮೂಲಕರ್ತೃ ಬೇರೆ ಯಾರೂ ಅಲ್ಲ, ಹನುಮಕ್ಕನ ಗಂಡ ಸಂಜೀವಯ್ಯ.

ಸಂಜೀವಯ್ಯ ಮಧುಗಿರಿಯ ಮುನ್ಸೀಫ್ ಕೋರ್ಟಿನ ಜವಾನ. ಹೆಗಲಿಂದ ಸೊಂಟಕ್ಕೆ ಅಡ್ಡವಾಗಿ ಕೆಂಪು ದವಾಲಿ, ಅದರ ಮೇಲೆ ಹಿತ್ತಾಳೆಯ ಬಿಲ್ಲೆ. ಬಿಲ್ಲೆಯನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದವಳು ಹನುಮಕ್ಕ, ಅದರಲ್ಲಿ ಮುಖ ನೋಡಿಕೊಳ್ಳುತ್ತಿದ್ದವನು ಅವನು. ಕೋರ್ಟಿನ ಮೆಟ್ಟಿಲ ಮೇಲೆ ನಿಂತು ವಾದಿ ಪ್ರತಿವಾದಿಗಳನ್ನು ಮೂರು ಸಲ ಕೂಗಿ ಕರೆಯುವುದು ಅವನ ಉದ್ಯೋಗ. ಅವನು ಕೂಗಿದರೆ ದನಿ ಎದುರಿನ ಬೋಳುಬಂಡೆಯ ಬೆಟ್ಟಕ್ಕೆ ಹೊಡೆದು ವಾಪಸು ಬರುತ್ತಿತ್ತು. ಹಾಗಾಗಿ ಮೂರು ಸಲ ಕೂಗಬೇಕಾದಲ್ಲಿ ಎರಡೇ ಸಲ ಕೂಗಿ, ಮೂರನೆಯದನ್ನು ಬೆಟ್ಟಕ್ಕೆ ವಹಿಸುತ್ತಿದ್ದ.

ಈ ದನಿಯೇ ಅವನಿಗೆ ದೇವರ ಮನೆಯಲ್ಲೂ ಉದ್ಯೋಗ ಕೊಡಿಸಿತು. ಕ್ರೈಸ್ತರ ಪ್ರಾರ್ಥನಾಲಯ ಬೆಟ್ಟದ ಬುಡದಲ್ಲಿ, ಹೆಂಚು ಹೊದಿಸಿದ ಒಂದೇ ಅಂಕಣ. ಒಳಗೆ ಬಲಗಡೆ ಗಂಡಸರಿಗೆ ಬೆಂಚು, ಎಡಗಡೆ ಹೆಂಗಸರಿಗೆ ಚಾಪೆ, ಚಾಪೆ ಸಾಲದಿದ್ದರೆ ನೆಲ. ಎದುರಿಗೆ ಒಂದು ಗೇಣು ಎತ್ತರದ ಕಟ್ಟೆ. ಕಟ್ಟೆಯ ಅಂಚಿನಲ್ಲಿ ಒಂದು ಮೇಜು, ಮೇಜಿನ ಮೇಲೆ ದೊಡ್ಡ ವೇದಪುಸ್ತಕ. ಇಳಿಜಾರು ಹಲಗೆಯ ಓದುಪೀಠ ಮಾಡಿಕೊಡು ಎಂದು ಬಡಗಿ ವೀರಭದ್ರಯ್ಯನಿಗೆ ಹೇಳಿದ್ದರು. ಪಾವಗಡದ ಕಡೆಯಿಂದ ಬಂದು ನೆಲೆಸಿದ್ದ ಆತ ಚಪ್ಪಟೆ ಮೇಜು ಮಾಡಿ ತಂದಿಟ್ಟು, "ದೇವುಡಿ ಮುಂದು ಇಳಿಜಾರು ಎಂದುಕಯ್ಯಾ, ಎಲ್ಲಾ ಸಮ ಇರ್ಲಿ," ಎಂದಿದ್ದ. ಆತನೂ ಕ್ರೈಸ್ತ ಸಭೆಯ ಐವರು ಹಿರಿಯರಲ್ಲಿ ಒಬ್ಬನಾದ್ದರಿಂದ ಮೇಜು ಉಳಿಯಿತು.

ಆ ಮೇಜಿನ ಹಿಂದೆ ನಿಂತು ಭಾನುವಾರದ ಪಾಠ ಓದುವ ಹಕ್ಕು ಇಪ್ಪತ್ತೆರಡು ವರ್ಷಗಳಿಂದ ಸಂಜೀವಯ್ಯನದು. ಪೂರ್ವಕಾಲದ ಪಿತೃಗಳನ್ನೂ ಪ್ರವಾದಿಗಳನ್ನೂ ಅವನು ಹೆಸರು ಹಿಡಿದು ಕೂಗುವ ರೀತಿ ನೋಡಿದರೆ, ಅವರೆಲ್ಲ ವಕೀಲರ ಸಮೇತ ಹೊರಗೆ ಆಲದ ಮರದಡಿ ಕಾಯುತ್ತಿದ್ದಾರೆ ಎನಿಸುತ್ತಿತ್ತು. ಓದು ಹೇಗಿತ್ತು ಎಂದು ಯಾರೂ ಕೇಳುತ್ತಿರಲಿಲ್ಲ. ಕಷ್ಟದ ಹೆಸರು ಬಂದಾಗ ಅವನು ಕೆಮ್ಮಿ ಮುಂದಿನ ಸಾಲಿಗೆ ಹೋಗುತ್ತಿದ್ದ. ಹೆಸರುಗಳೇ ತುಂಬಿದ ಪುಟಗಳು ಬರುವ ವಾರ ಅವನಿಗೆ ತಪ್ಪದೆ ಗಂಟಲು ಕಟ್ಟುತ್ತಿತ್ತು.

ಅವನು ಓದು ಕಲಿತದ್ದೂ ಸಣ್ಣ ಸಾಹಸವಲ್ಲ, ಅವನ ಬಾಯಲ್ಲೇ ಕೇಳಬೇಕು. ಮದುವೆಯಾದ ಹೊಸತು. ಹುಲಿಕುಂಟೆಯಿಂದ ಹದಿಮೂರು ವರ್ಷದ ಹೆಂಡತಿ ಬಂದಿದ್ದಳು. ಗಂಡ ಹೆಂಡತಿ ಇಬ್ಬರೂ ಸಭೆ ಸೇರಿ ಕ್ರೈಸ್ತರಾಗಬೇಕೆಂದಿದ್ದರು. ಸಭೆಯ ಉಪದೇಶಿ ದಿನಾ ಸಂಜೆ ಮನೆಗೆ ಬಂದು, ಅವನ ಪಕ್ಕದಲ್ಲಿ ಚಾಪೆಯ ಮೇಲೆ ಕೂತು, ತಮ್ಮಿಬ್ಬರ ಮುಂದೆ ಪುಸ್ತಕ ಬಿಚ್ಚಿ, ಅಕ್ಷರದ ಕೆಳಗೆ ಬೆರಳಿಟ್ಟು ಹೇಳಿಕೊಡುತ್ತಿದ್ದ. ಸಂಜೀವಯ್ಯ ಗಟ್ಟಿಯಾಗಿ ಹೇಳುತ್ತಿದ್ದ. ಎರಡು ವರ್ಷ. "ಮೈ ಬೆವರಿಳಿಸಿ ಕಲ್ತಿದ್ದು ಕಣ್ರಯ್ಯಾ," ಎಂದು ಅವನು ಆಗಾಗ ಹೇಳುತ್ತಿದ್ದ. "ಒಂದು ಕಡೆ ಉಪದೇಶಿ ಗದರಿಕೆ, ಇನ್ನೊಂದು ಕಡೆ ಹುಣಸೆಬೀಜ ಟಪಟಪ ಅಂತ ಮೊರಕ್ಕೆ ಬೀಳೋ ಸದ್ದು. ಅಂಥಾದ್ರಾಗೆ ಕಲ್ತೆ." ಬೀಜ ಬೀಳಿಸುತ್ತಿದ್ದವರು ಯಾರು ಎಂಬುದು ಅವನ ಕಥೆಯಲ್ಲಿ ಬರುತ್ತಿರಲಿಲ್ಲ. ವೀರರ ಕಥೆಗಳಲ್ಲಿ ಮೊರ ಹಿಡಿದವರ ಹೆಸರಿಗೆ ಜಾಗ ಇರುವುದಿಲ್ಲ.

ಹನುಮಕ್ಕನ ಹೆಸರಿನದೂ ಒಂದು ಪ್ರಕರಣ. ದೀಕ್ಷಾಸ್ನಾನದ ದಿನ ಪಾದ್ರಿಗಳು ಆಕೆಗೆ ಸಾರಮ್ಮ ಎಂದು ಹೆಸರಿಡಲು ಹೋದರು. "ಹನುಮಕ್ಕ ಕರೀತಾವ್ಳೆ ಅಂದ್ರೇ ಎಮ್ಮೆ ಬರೋದು ಅಯ್ನೋರೆ," ಎಂದಳು ಆಕೆ. ಪಾದ್ರಿಗಳು ಸ್ವಲ್ಪ ಯೋಚಿಸಿ, ಎಮ್ಮೆಯ ಪರವಾಗಿ ತೀರ್ಪು ಕೊಟ್ಟರು.

ಪ್ರಾರ್ಥನಾಲಯಕ್ಕೆ ಹೊರಗಡೆ ಒಂದು ಜಗಲಿ. ಬುಧವಾರ ಮಧ್ಯಾಹ್ನ ಅಲ್ಲಿ ಹೆಂಗಸರ ಓದಿನ ಪಾಠ. ಕಲಿಸುತ್ತಿದ್ದ ಶಾಲೆಯ ಅಮ್ಮನವರಿಗೆ ತುಮಕೂರಿಗೆ ವರ್ಗವಾದ ಮೇಲೆ, ಪಾಠ ನಿಂತಿತೆಂದು ಗಂಡಸರೆಲ್ಲ ತಿಳಿದಿದ್ದರು. ನಿಂತಿರಲಿಲ್ಲ. ಏಳೆಂಟು ಹೆಂಗಸರು ಬರುತ್ತಲೇ ಇದ್ದರು. ಪಕ್ಕದ ಬೀದಿಯ ಬಳೆ ಮಾರುವ ಚಾಂದ್ ಬಿ ಕೂಡ ಬರುತ್ತಿದ್ದಳು. ಆಕೆಗೆ ಮತದ ವಿಷಯ ಬೇಕಿರಲಿಲ್ಲ, ಬಸ್ಸಿನ ಬೋರ್ಡು ಓದಲು ಬಂದರೆ ಸಾಕಿತ್ತು. ಒಂದು ಸಲ ಶಿರಾಕ್ಕೆಂದು ಹತ್ತಿ ಬಳೆಗಂಟಿನ ಸಮೇತ ಪಾವಗಡದಲ್ಲಿ ಇಳಿದಿದ್ದಳು.

ಒಂದು ಬುಧವಾರ ಸಂಜೀವಯ್ಯ ಕೋರ್ಟಿನಿಂದ ಸಮನ್ಸು ಹಿಡಿದು ಆ ದಾರಿಯಲ್ಲಿ ಬಂದ. ಜಗಲಿಯ ಹಿಂದಿನ ಮೋಟುಗೋಡೆಯ ಮೇಲಿಂದ ಇಣುಕಿದ. ತನ್ನ ಹೆಂಡತಿ ತನಗೆ ಬೆನ್ನು ಹಾಕಿ ಕೂತಿದ್ದಾಳೆ. ಎದುರಿಗೆ ಹೆಂಗಸರು ಅರ್ಧಚಂದ್ರದಂತೆ ಕೂತಿದ್ದಾರೆ. ಹೆಂಡತಿಯ ತೊಡೆಯ ಮೇಲೆ ಪುಸ್ತಕ, ಪುಸ್ತಕ ತಲೆಕೆಳಗು. ಆಕೆ ಅದರ ಮೇಲೆ ಬೆರಳಾಡಿಸುತ್ತಾ ಗಂಭೀರವಾಗಿ ಏನೋ ಹೇಳುತ್ತಿದ್ದಾಳೆ.

ಕೋರ್ಟಿನಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ ಕಣ್ಣಾರೆ ಕಂಡ ಸಾಕ್ಷಿಗಿಂತ ದೊಡ್ಡದಿಲ್ಲ. ಸಂಜೀವಯ್ಯ ಸಮನ್ಸು ಜಾರಿ ಮಾಡುವುದನ್ನು ಮರೆತು, ಹೊಟ್ಟೆ ಹಿಡಿದುಕೊಂಡು ನಗುತ್ತಾ ಕಚೇರಿಗೆ ಓಡಿದ.

"ನಮ್ಮನೇಳು ವೇದ ಓದ್ತಾಳೆ ಕಣ್ಲಾ," ಎಂದ ಅಲ್ಲಿದ್ದವರಿಗೆ. "ಮೊರ ಹಿಡ್ದಂಗೆ ಹಿಡ್ಕಂಡವ್ಳೆ. ಅಕ್ಷರ ಎಲ್ಲಾ ಬಾವಲಿ ಇದ್ದಂಗೆ ನೇತಾಕ್ಕಂಡವೆ, ಇವ್ಳು ಅದ್ಯಾವುದನ್ನ ಕಂಡ್ಳೋ ಓದ್ತಾವ್ಳೆ."

ಗುಮಾಸ್ತರು ನಕ್ಕರು, ವಕೀಲರು ನಕ್ಕರು, ಅಮೀನರು ನಕ್ಕರು. ವಾಯಿದೆಗೆ ಬಂದ ಕಕ್ಷಿಗಾರರು ಆ ನಗೆಯನ್ನು ತಮ್ಮ ತಮ್ಮ ತಾಲ್ಲೂಕಿಗೆ ಹೊತ್ತುಕೊಂಡು ಹೋದರು. ದಾರಿಯಲ್ಲಿ ಅದಕ್ಕೆ ದೇವದೂತ, ಸಿಡಿಲು, ಮೇಕೆಗಳು ಕೂಡಿಕೊಂಡದ್ದು ಆಮೇಲೆ. ಸಂಜೀವಯ್ಯನಿಗೆ ಮಾತ್ರ ಅದು ಒಂದು ವಾದವಾಗಿ ಉಪಯೋಗಕ್ಕೆ ಬಂತು. ಸಭೆಯಲ್ಲಿ ಯಾರಾದರೂ, ಹೆಂಗಸರೂ ಒಂದು ದಿನ ಪಾಠ ಓದಲಿ ಎಂದರೆ, ಅವನು ಮೊದಲು ವೇದಪುಸ್ತಕದ ಅಪೊಸ್ತಲರೊಬ್ಬರ ಮಾತು ಎತ್ತುತ್ತಿದ್ದ. ಹೆಂಗಸರು ಸಭೆಯಲ್ಲಿ ಸುಮ್ಮನಿರಬೇಕೆಂದು ಅವರು ಬರೆದಿದ್ದರಂತೆ. ಅವನು ತಪ್ಪಿಲ್ಲದೆ ಹೇಳಬಲ್ಲ ಏಕೈಕ ಸಾಲು ಅದೇ, ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದಾಗಲೂ ಹೇಳುತ್ತಿದ್ದ. ಅಪೊಸ್ತಲರು ಸಾಲದಿದ್ದರೆ ಹೆಂಡತಿಯ ಬಾವಲಿಗಳನ್ನು ಎತ್ತುತ್ತಿದ್ದ. ಬೆಂಚುಗಳು ನಕ್ಕು ಒಪ್ಪುತ್ತಿದ್ದವು. ಚಾಪೆಗಳನ್ನು ಯಾರೂ ಕೇಳುತ್ತಿರಲಿಲ್ಲ. ಆ ಕಟ್ಟಡದ ಹೆಂಚು ಬಂದದ್ದು ಅದೇ ಚಾಪೆಯವರು ಅಡುಗೆ ಮಾಡುವಾಗಲೆಲ್ಲ ಎತ್ತಿಟ್ಟ ಹಿಡಿ ರಾಗಿಯಿಂದ. ಹೆಂಚು ಬಾಯಿ ಬಿಡುವುದಿಲ್ಲವಾದ್ದರಿಂದ ಆ ಮಾತು ಏಳಲಿಲ್ಲ.

ಹೀಗಿರುವಾಗ ಊರೂರ ಸಭೆಗಳಿಗೆಲ್ಲ ಮೇಲಿನ ದೊಡ್ಡ ಸಭೆಯವರಿಂದ ಒಂದು ಸುತ್ತೋಲೆ ಬಂತು. ವೇದ ಓದಬಲ್ಲ ಹೆಂಗಸರೂ ಇನ್ನು ಮುಂದೆ ಊರ ಸಭೆಯ ಪಂಚಾಯ್ತಿಯಲ್ಲಿ ಕೂರಬಹುದು, ಭಾನುವಾರದ ಪಾಠವನ್ನೂ ಓದಬಹುದು, ಯಾರು ಯೋಗ್ಯರೆಂಬುದನ್ನು ಆಯಾ ಸಭೆ ಪರೀಕ್ಷಿಸಿ ತೀರ್ಮಾನಿಸಲಿ ಎಂದಿತ್ತು. ಪಂಚಾಯ್ತಿಯ ಐವರು ಹಿರಿಯರು ಇದನ್ನು ಬರಗಾಲದ ಮುನ್ಸೂಚನೆಯಂತೆ ಓದಿದರು. ಆಮೇಲೆ ವೀರಾವೇಶದಿಂದ ಎರಡು ನಿರ್ಣಯ ಮಾಡಿದರು. ಮೊದಲನೆಯದು, ಹೆಂಗಸರು ಯಾವ ಕಾರಣಕ್ಕೂ ಓದುವ ಕಟ್ಟೆಯನ್ನು ಹತ್ತಕೂಡದು. ಎರಡನೆಯದು, ಹೊರಗಿನ ಜಗಲಿಗೆ ಕಂಬಿ ಹಾಕಿಸಿ ಬೀಗ ಜಡಿದು, ಅದರೊಳಗೆ ಹಿರಿಯರು ಕೂತು ಆಲೋಚಿಸಲು ಬೆಂಚು ಇಡತಕ್ಕದ್ದು. ಏನನ್ನು ಆಲೋಚಿಸಲು ಎಂದು ನಿರ್ಣಯದಲ್ಲಿ ಬರೆದಿರಲಿಲ್ಲ.

ಬುಧವಾರದ ಪಾಠಕ್ಕೆ ಆ ಜಗಲಿ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಯಾರ ಮನೆಯಲ್ಲೂ ಗಂಡಸರ ಕಣ್ಣು ತಪ್ಪಿಸಿ ಎಂಟು ಹೆಂಗಸರು ಪುಸ್ತಕ ಹಿಡಿದು ಕೂರುವಂತಿರಲಿಲ್ಲ. ಮುಂದಿನ ಭಾನುವಾರ ಹೆಂಗಸರೆಲ್ಲ ಸೇರಿ ಪಂಚಾಯ್ತಿಗೆ ಒಂದು ಹೆಸರು ಕೊಟ್ಟರು. ಹನುಮಕ್ಕ.

ಆ ಸಂಜೆ ಸಂಜೀವಯ್ಯ ದವಾಲಿ ಬಿಚ್ಚದೆಯೇ ಊಟಕ್ಕೆ ಕೂತ. ಅಧಿಕೃತ ಸಂದರ್ಭವೆಂದು ತೋರಿಸಬೇಕಿತ್ತು.

"ಲೇ, ನಿನ್ನ ಹೆಸರು ಕೊಟ್ಟವ್ರಂತೆ ಪಂಚಾಯ್ತಿಗೆ. ನಿಂಗೆ ಗೊತ್ತಾ?"

"ಗೊತ್ತು. ಕೊಡ್ರಿ ಅಂತ ನಾನೇ ಹೇಳ್ದೆ."

"ಓದಕ್ಕೆ ಬರ್ಬೇಕಂತೆ ಕಣೇ ಅದಕ್ಕೆ."

"ಬತ್ತದೆ."

"ಹೆಂಗೆ ಬತ್ತದೆ? ನಾನು ಯಾವತ್ತು ಕಲಿಸ್ದೆ ನಿಂಗೆ?"

"ನೀವೆಲ್ಲಿ ಕಲಿಸಿದ್ರಿ. ಮುದ್ದೆ ಆರೋಯ್ತದೆ, ಉಣ್ಣಿ."

ಸಂಜೀವಯ್ಯ ಒಂದು ತುತ್ತು ನುಂಗಿ, ದನಿ ತಗ್ಗಿಸಿ, ಕಕ್ಷಿಗಾರನಿಗೆ ರಾಜಿ ಮಾಡಿಕೊಳ್ಳಲು ಬುದ್ಧಿ ಹೇಳುವ ವಕೀಲನ ಧಾಟಿ ತಂದುಕೊಂಡ. "ನೋಡು, ತುಮಕೂರಿಂದ ಪಾದ್ರಿಗಳೇ ಬತ್ತಾರೆ ಪರೀಕ್ಷೆ ಮಾಡಕ್ಕೆ. ಎಲ್ರ ಮುಂದೆ ಪುಸ್ತಕ ತಲೆಕೆಳಗು ಹಿಡ್ಕಂಡು ನಿಂತ್ರೆ ಮಾನ ಹೋಯ್ತದೆ."

"ಯಾರದು?"

ಆಕೆ ಇನ್ನೊಂದು ಸೌಟು ಸಾರು ಬಡಿಸಿದಳು. "ನಂಗೆ ಪಂಚಾಯ್ತಿ ಬ್ಯಾಡ. ಜಗಲಿ ಬುಟ್ಬುಡಿ, ನಾಳೇನೇ ನನ್ನ ಹೆಸರು ವಾಪಸ್ ತಗಂತೀನಿ."

"ಹಿರೀರ ನಿರ್ಣಯ ಕಣೇ ಅದು. ಬೆಂಚಿಗೆ ಮರ ಕೊಯ್ಸಾಗದೆ."

"ಹಂಗಾದ್ರೆ ಓದ್ತೀನಿ," ಎಂದು ಹನುಮಕ್ಕ ಪಾತ್ರೆ ಎತ್ತಿದಳು.

ಸಂಜೀವಯ್ಯನಿಗೆ ಆ ವಾರ ಸರಿಯಾಗಿ ನಿದ್ದೆ ಬರಲಿಲ್ಲ. ಹೆಂಡತಿ ಓದಿಯಾಳೆಂಬ ಭಯವಲ್ಲ, ಅದು ಸಾಧ್ಯವಿರಲಿಲ್ಲ. ಅವನು ಗೋಡೆಯ ಮೇಲಿಂದ ಕಣ್ಣಾರೆ ಕಂಡಿದ್ದ. ಆದರೆ ಬಾಯಿಪಾಠ ಮಾಡಿ ಒಪ್ಪಿಸಿಬಿಟ್ಟರೆ? ಹೆಂಗಸರಿಗೆ ನೆನಪು ಹೆಚ್ಚು. ಹತ್ತು ವರ್ಷದ ಹಿಂದೆ ಅವನು ಮಾವನ ಮನೆಯಲ್ಲಿ ಆಡಿದ ಮಾತನ್ನು ಹನುಮಕ್ಕ ಇವತ್ತಿಗೂ ಒಂದಕ್ಷರ ಬಿಡದೆ ಹೇಳುತ್ತಿದ್ದಳು. ಆದ್ದರಿಂದ ಯಾರೂ ಎಂದೂ ಕೇಳಿಲ್ಲದ, ಯಾರಿಗೂ ಬಾಯಿಪಾಠವಾಗದ ಪುಟವೊಂದು ಬೇಕಿತ್ತು. ಪುಟ ಬಿಚ್ಚಿಡುವುದು ಅವನದೇ ಕೆಲಸವಾದ್ದರಿಂದ ಅವನೇ ಹುಡುಕಿದ. ಹಾಳಾಗಿದ್ದ ಪಟ್ಟಣವೊಂದರ ಗೋಡೆಯನ್ನು ಯಾರು ಯಾರು ಎಷ್ಟೆಷ್ಟು ದೂರ ಕಟ್ಟಿದರು ಎಂಬ ಉದ್ದನೆಯ ಪಟ್ಟಿ ಸಿಕ್ಕಿತು. ಒಂದೊಂದು ಸಾಲಿನಲ್ಲೂ ನಾಲಿಗೆ ಮುರಿಯುವ ಹೆಸರು. ಇಪ್ಪತ್ತೆರಡು ವರ್ಷಗಳಲ್ಲಿ ಒಂದು ಸಲವೂ ಅವನು ಆ ಪುಟ ಓದಿರಲಿಲ್ಲ. ಪುಟದ ನಡುವೆ ನವಿಲುಗರಿಯೊಂದನ್ನು ಗುರುತಿಗಿಟ್ಟು, ಯುದ್ಧಕ್ಕೆ ಮುಂಚೆ ಕೋಟೆಯ ಬಾಗಿಲು ಭದ್ರಪಡಿಸಿದ ಸೇನಾಪತಿಯಂತೆ ಮೀಸೆ ತೀಡಿಕೊಂಡ.

ವೀರಭದ್ರಯ್ಯನಿಗೆ ಉಪಾಯವನ್ನು ವಿವರಿಸಿ ಹೇಳಿದ. "ಪುಸ್ತಕ ಮೇಜಿನ ಮೇಲೇ ಇರ್ತದೆ, ಕೈಗೆ ಕೊಡಾಕಿಲ್ಲ. ಮೇಜಿನ ಹಿಂದೆ ನಿಂತು ಓದ್ಬೇಕು ಅಂದ್ರೆ ಕಟ್ಟೆ ಹತ್ಬೇಕು. ಹತ್ತುದ್ರೆ ನಿರ್ಣಯ ಮುರೀತಾಳೆ, ಹತ್ದೆ ಇದ್ರೆ ಓದಾಕಿಲ್ಲ."

"ಬಾಗುಂದಯ್ಯಾ," ಎಂದ ವೀರಭದ್ರಯ್ಯ ಮೆಚ್ಚಿಕೊಂಡು. "ಆದ್ರೆ ಆಯಮ್ಮ ನಿನ್ನ ಹೆಂಡ್ತಿ ಅಲ್ವಾ? ಆಮೇಲೆ ನಿಂಗೆ ಕೂಡು ಯಾರು ಪೆಡ್ತಾರು?"

ಅನ್ನದ ವಿಷಯ ಸಂಜೀವಯ್ಯ ಯೋಚಿಸಿರಲಿಲ್ಲ. ದೊಡ್ಡ ಯುದ್ಧಗಳಲ್ಲಿ ಅಂಥ ಸಣ್ಣ ವಿಷಯ ಯಾರು ಯೋಚಿಸುತ್ತಾರೆ.

ಪರೀಕ್ಷೆಯ ಭಾನುವಾರ ಪಾದ್ರಿ ಸತ್ಯವಂತರು ತುಮಕೂರಿನ ಬಸ್ಸಿನಿಂದ ಮೈಮೇಲೆಲ್ಲ ಕೆಂಧೂಳು ಹೊತ್ತು ಇಳಿದರು. ತೆಳ್ಳಗಿನ, ಕಡಿಮೆ ಮಾತಿನ ಮನುಷ್ಯ. ಪ್ರಾರ್ಥನಾಲಯ ಕಿಕ್ಕಿರಿದಿತ್ತು. ಕೊರಟಗೆರೆಯಿಂದ, ಶಿರಾದಿಂದ, ಪಾವಗಡದಿಂದ ಕ್ರೈಸ್ತರು ಬಂದಿದ್ದರು, ತಲೆಕೆಳಗಿನ ಕಣ್ಣು ನೋಡಲು. ಕಿಟಕಿಯಲ್ಲಿ ಕ್ರೈಸ್ತರಲ್ಲದವರು ನಿಂತಿದ್ದರು. ಎಲ್ಲರಿಗಿಂತ ಮುಂದೆ ಚಾಂದ್ ಬಿ, ಪಕ್ಕದಲ್ಲಿ ಗುಮಾಸ್ತ ಶಂಕರಲಿಂಗಪ್ಪ. ಅವನ ಸೊಂಟ ಮತ್ತೆ ಹಿಡಿದಿತ್ತು.

ಪ್ರಾರ್ಥನೆ ಮುಗಿಯಿತು. ಸಂಜೀವಯ್ಯ ದವಾಲಿ ಸರಿಮಾಡಿಕೊಂಡು ಕಟ್ಟೆ ಹತ್ತಿ, ಮೇಜಿನ ಹಿಂದೆ ನಿಂತು, ನವಿಲುಗರಿ ಇದ್ದ ಪುಟ ಬಿಚ್ಚಿ, ಅಭ್ಯಾಸಬಲದಿಂದ ಬೆಟ್ಟಕ್ಕೆ ಕೇಳುವಂತೆ ಕೂಗಿದ. "ಹನುಮಕ್ಕ, ಹಾಜರ್."

"ಇಲ್ಲೇ ಇವ್ನಿ, ಕೂಗ್ಬ್ಯಾಡ್ರಿ," ಎಂದು ಹನುಮಕ್ಕ ಚಾಪೆಯಿಂದ ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಡುವಿನ ದಾರಿಯಲ್ಲಿ ನಡೆದು ಬಂದಳು. ಕಟ್ಟೆಯ ಹತ್ತಿರ ಬಂದಾಗ ಬೆಂಚುಗಳೆಲ್ಲ ಆಕೆಯ ಕಾಲನ್ನೇ ನೋಡಿದವು. ಈ ಒಂದು ಗೇಣನ್ನು ಕಾಯಲು ಐವರು ಗಂಡಸರು ಕಟ್ಟೆಯ ಸುತ್ತ ನಿಂತಿದ್ದರು. ಹಿಂದೆ ಪಾಳೆಯಗಾರರು ಬೆಟ್ಟದ ಮೇಲಿನ ಕೋಟೆಯನ್ನು ಕಾಯಲೂ ಇಷ್ಟು ಶ್ರದ್ಧೆ ತೋರಿಸಿರಲಾರರು.

ಹನುಮಕ್ಕ ಕಟ್ಟೆ ಹತ್ತಲಿಲ್ಲ. ಅದರ ಬುಡದಲ್ಲಿ, ನೆಲದ ಮೇಲೆ, ಮೇಜಿಗೆ ಈಚೆ ನಿಂತುಕೊಂಡಳು. ಮೇಜಿನ ಆಚೆ ಗಂಡ, ಈಚೆ ಹೆಂಡತಿ, ನಡುವೆ ಅವನ ಕಡೆಗೆ ತಿರುಗಿದ್ದ ಪುಸ್ತಕ. ಮೇಜು ಆಕೆಯ ಎದೆಮಟ್ಟಕ್ಕೆ ಬರುತ್ತಿತ್ತು. ವೀರಭದ್ರಯ್ಯ ಹಲಗೆಯನ್ನು ಇಳಿಜಾರು ಮಾಡಿದ್ದಿದ್ದರೆ ಆಕೆಗೆ ಅದರ ಬೆನ್ನು ಮಾತ್ರ ಕಾಣುತ್ತಿತ್ತು. ಚಪ್ಪಟೆಯಾದ್ದರಿಂದ ಪುಟವೆಲ್ಲ ಕಂಡಿತು.

"ಯಾವುದು?" ಎಂದಳು.

ಸಂಜೀವಯ್ಯ ನಗು ತಡೆದುಕೊಂಡು ಮೊದಲ ಸಾಲಿನ ಮೇಲೆ ಬೆರಳಿಟ್ಟ.

"ಬೆರಳು ಕೆಳಕ್ಕೆ ತಗಳಿ. ಅಕ್ಷರ ಮುಚ್ಕಂತದೆ."

ಅವನಿಗೆ ತಿಳಿಯುವ ಮೊದಲೇ ಬೆರಳು ಕೆಳಗೆ ಸರಿದಿತ್ತು. ಹನುಮಕ್ಕ ಓದತೊಡಗಿದಳು.

ಆಕೆ ಕೂಗಲಿಲ್ಲ. ಸಂಜೆ ಮೇಕೆಗಳನ್ನು ಒಂದೊಂದಾಗಿ ಹೆಸರು ಹಿಡಿದು ದೊಡ್ಡಿಗೆ ಕರೆಯುವವರಂತೆ, ಆತುರವಿಲ್ಲದೆ, ಯಾರನ್ನೂ ಬಿಡದೆ, ಗೋಡೆ ಕಟ್ಟಿದವರನ್ನೆಲ್ಲ ಕರೆದಳು. ಪುರೋಹಿತರು ಬಂದರು, ಅಕ್ಕಸಾಲಿಗರು ಬಂದರು, ಸುಗಂಧ ಮಾರುವವರು ಬಂದರು, ಅವರವರ ಅಪ್ಪಂದಿರೂ ಅಜ್ಜಂದಿರೂ ಬಂದರು. ಇಪ್ಪತ್ತೆರಡು ವರ್ಷ ಕೆಮ್ಮಿನಲ್ಲಿ ಸತ್ತಿದ್ದ ಹೆಸರುಗಳೆಲ್ಲ ಎದ್ದು ಬಂದು ತಮ್ಮ ತಮ್ಮ ಕಲ್ಲು ಹೊತ್ತು ನಿಂತವು. ಸಂಜೀವಯ್ಯ ಬೆರಳಿನಿಂದ ಹಿಂಬಾಲಿಸುತ್ತಿದ್ದ. ನಾಲ್ಕನೆಯ ಸಾಲಿನಲ್ಲಿ ಬೆರಳು ತಡವರಿಸಿತು. ಏಳನೆಯದರಲ್ಲಿ ದಾರಿ ತಪ್ಪಿತು. ಪುಸ್ತಕ ಅವನಿಗೆ ಸೀದಾ ಇತ್ತು, ಆಕೆ ಎಲ್ಲಿದ್ದಾಳೆಂದು ಮಾತ್ರ ಅವನಿಗೆ ಕಾಣಲಿಲ್ಲ.

ಹನುಮಕ್ಕ ಒಂದು ಸಾಲಿನಲ್ಲಿ ತಡೆದು, ಇನ್ನೊಮ್ಮೆ ನೋಡಿ, ಮೊದಲಿಗಿಂತ ಸ್ವಲ್ಪ ನಿಧಾನವಾಗಿ ಓದಿದಳು. ಆ ಪಟ್ಟಣದ ಒಬ್ಬ ಅಧಿಕಾರಿ ತನ್ನ ಪಾಲಿನ ಗೋಡೆಯನ್ನು ತನ್ನ ಹೆಣ್ಣುಮಕ್ಕಳ ಜೊತೆ ಸೇರಿ ಕಟ್ಟಿದ ಎಂದಿತ್ತು ಅಲ್ಲಿ.

ಚಾಪೆಗಳ ಕಡೆ ಬಳೆಗಳ ಸದ್ದಾಯಿತು. ಕಿಟಕಿಯಿಂದ ಚಾಂದ್ ಬಿ, "ಅರೆ, ಗೋಡೆ ಕಟ್ಟಕ್ಕೆ ಹೆಣ್ಮಕ್ಳು ಆಗ್ತಾರೆ, ಜಗಲಿ ಮೇಲೆ ಕೂರಕ್ಕೆ ಆಗಲ್ಲ?" ಎಂದು ಶಂಕರಲಿಂಗಪ್ಪನನ್ನು ಕೇಳಿದಳು. ಅವನನ್ನು ಕೇಳಿದ್ದಾದರೂ ಎಲ್ಲರಿಗೂ ಕೇಳಿಸಿತು.

ಸಂಜೀವಯ್ಯ ಬಗ್ಗಿ ಆ ಸಾಲನ್ನು ಹುಡುಕಿದ. ಇತ್ತು. ತಾನೇ ಆರಿಸಿದ ಪುಟ, ತಾನೇ ಇಟ್ಟ ನವಿಲುಗರಿ, ಗರಿಯ ಕಣ್ಣಿನ ಪಕ್ಕದಲ್ಲೇ ಆ ಹೆಣ್ಣುಮಕ್ಕಳು.

"ಅಯ್ನೋರೆ, ಇದು ಕಾಯ್ದೆ ಪ್ರಕಾರ ಅಲ್ಲ," ಎಂದ ಅವನು ಬೆವರುತ್ತಾ. "ಸಭೆಗೆ ಬೆನ್ನು ತೋರ್ಸಿ ಓದವ್ಳೆ."

"ಕಟ್ಟೆ ಹತ್ತಬಾರದು ಅಂದವರು ಯಾರು?" ಎಂದರು ಪಾದ್ರಿ ಸತ್ಯವಂತರು.

ಸಂಜೀವಯ್ಯ ವೀರಭದ್ರಯ್ಯನ ಮುಖ ನೋಡಿದ. ವೀರಭದ್ರಯ್ಯ ಮೇಜನ್ನು ಪ್ರೀತಿಯಿಂದ ಸವರುತ್ತಾ, "ಚೂಡಂಡಿ ಅಯ್ಯಗಾರು, ಅವತ್ತೇ ನಾನು ಹೇಳ್ದೆ, ಸಮ ಇರ್ಲಿ ಅಂತ," ಎಂದ. ಗೆದ್ದ ಪಕ್ಷಕ್ಕೆ ದಾಟಲು ಅವನಿಗೆ ಒಂದು ಗೇಣೂ ಹತ್ತಬೇಕಾಗಲಿಲ್ಲ.

ಪಾದ್ರಿಗಳು ಎದ್ದು ಬಂದು, ಪುಸ್ತಕವನ್ನು ಹನುಮಕ್ಕನ ಕಡೆಗೆ ಸೀದಾ ತಿರುಗಿಸಿದರು. "ಈಗ ಓದಮ್ಮ, ಇನ್ನೂ ಸಲೀಸಾಗುತ್ತದೆ."

ಹನುಮಕ್ಕ ನೋಡಿದಳು. ಬಗ್ಗಿ ನೋಡಿದ ಮೇಲೆ ತಲೆಯಾಡಿಸಿದಳು. "ಇಂಗಿದ್ರೆ ಗುರ್ತು ಸಿಗಾಕಿಲ್ಲ ಅಯ್ನೋರೆ."

"ನೋಡಿದ್ರಾ," ಎಂದು ಸಂಜೀವಯ್ಯ ಮುಳುಗುವವನಿಗೆ ಹಗ್ಗ ಸಿಕ್ಕಿದಂತೆ ಎಗರಿದ. "ಸೀದಾ ಇದ್ರೆ ಬರಾಕಿಲ್ಲ."

"ನಿಮಗೆ ಹೇಗಿದ್ದರೂ ಬಂದಂತೆ ಕಾಣಲಿಲ್ಲ," ಎಂದು ಪಾದ್ರಿಗಳು ಪುಸ್ತಕವನ್ನು ಮತ್ತೆ ಮೊದಲಿನಂತೆ ತಿರುಗಿಸಿಟ್ಟರು. ಬೆಂಚುಗಳೇ ನಕ್ಕವು. ಆಮೇಲೆ ಅವರು ಸಭೆಯ ಪುಸ್ತಕ ತರಿಸಿ, ಪಂಚಾಯ್ತಿಯ ಐದು ಹೆಸರುಗಳ ಕೆಳಗೆ ಆರನೆಯದಾಗಿ ಹನುಮಕ್ಕನ ಹೆಸರು ಬರೆದರು. ಜಗಲಿಯಲ್ಲಿ ಬುಧವಾರದ ಪಾಠ ನಡೆಯುತ್ತದೆ, ಕಂಬಿಯೂ ಇಲ್ಲ ಬೀಗವೂ ಇಲ್ಲ, ಕೂತು ಆಲೋಚಿಸಬೇಕೆನ್ನುವವರು ಅವರವರ ಮನೆಯಲ್ಲಿ ಆಲೋಚಿಸಬಹುದು ಎಂದರು. ಯಾರಿಗಾದರೂ ವಿರೋಧವಿದ್ದರೆ ಕೈ ಎತ್ತಿ ಎಂದರು. ಸಂಜೀವಯ್ಯನ ಕೈ ಅರ್ಧ ಎದ್ದು, ದವಾಲಿ ಸರಿಮಾಡಿಕೊಂಡು, ಕೆಳಗಿಳಿಯಿತು. ರಾತ್ರಿಯ ಮುದ್ದೆ ನೆನಪಾಗಿರಬೇಕು.

ಜನ ಎದ್ದು ಹೋಗಲಿಲ್ಲ. ಅವರು ನಾಲ್ಕು ತಾಲ್ಲೂಕುಗಳಿಂದ ಬಂದದ್ದು ಪಂಚಾಯ್ತಿಗಾಗಿ ಅಲ್ಲ. ಪಾದ್ರಿಗಳಿಗೂ ಕುತೂಹಲ ತಡೆಯಲಿಲ್ಲ.

"ಒಂದು ಮಾತು ಹೇಳಮ್ಮ," ಎಂದರು. "ಸಿಡಿಲು ಅನ್ನುತ್ತಾರೆ, ದೇವದೂತ ಅನ್ನುತ್ತಾರೆ. ಈ ವರ ನಿನಗೆ ಬಂದದ್ದು ಹೇಗೆ?"

ಕೊರಟಗೆರೆಯವರು ಬಾವಿಯ ಆಸೆಯಿಂದ ಕತ್ತು ಮುಂದೆ ಚಾಚಿದರು. ಶಿರಾದವರು ಸಿಡಿಲಿಗೆ ಕಾದರು. ಪಾವಗಡದವರು ಇಪ್ಪತ್ತು ಮೇಕೆಗಳಿಗೆ ಕಾದರು. ಕಿಟಕಿಯಲ್ಲಿ ಶಂಕರಲಿಂಗಪ್ಪ ಸೊಂಟ ಹಿಡಿದುಕೊಂಡು, ಕಾಲು ಮುಂದಾಗಿ ಹುಟ್ಟಿದ್ದನ್ನು ಈಗಲಾದರೂ ಒಪ್ಪಿಕೊಳ್ಳುತ್ತಾಳೆಂದು ನಿಂತ. ಸಂಜೀವಯ್ಯನೂ ಕಿವಿಗೊಟ್ಟ, ಅವನಿಗೂ ನಿಜವಾಗಿ ಗೊತ್ತಿರಲಿಲ್ಲ.

ಹನುಮಕ್ಕ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ಹೆಗಲಿಗೆ ಹಾಕಿಕೊಂಡಳು.

"ವರ ಎಲ್ಲಿಂದ ಬರ್ಬೇಕು ಅಯ್ನೋರೆ. ಉಪದೇಶಿಗಳು ಇವರಿಗೆ ಹೇಳ್ಕೊಡೋವಾಗ ಪುಸ್ತಕ ಇವರ ಕಡೀಗೆ ಇರ್ತಿತ್ತು. ನಾನು ಎದುರಿಗೆ ಕೂತ್ಕಂಡು ಹುಣಸೆಹಣ್ಣು ಬಿಡಿಸ್ತಿದ್ದೆ. ಇವರು ಒಂದು ಗೇಣು ಸರ್ದು ಕೂತಿದ್ರೆ, ಸೀದಾನೇ ಕಲೀತಿದ್ದೆ."